ಆರು ಲೈನಿಗೆ ಒಂದೇ ಪೋಲ್: ನನ್ನ ಅನುಭವ

ಆರು ಆರ್‌ಎಸ್-485 ಲೈನು (ಹಲವು ಮೀಟರುಗಳನ್ನು ಒಂದೇ ಜೋಡಿ ತಂತಿಗೆ ಕಟ್ಟುವ ಸೀರಿಯಲ್ ಲೈನು), ಅದರ ಮೇಲೆ ನೆಟ್‌ವರ್ಕಿನಲ್ಲಿ ಅಂಕಿ ನೋಡುವ ನಾಲ್ಕೈದು ಟಿಸಿಪಿ ಡ್ಯಾಶ್‌ಬೋರ್ಡು, ಎಲ್ಲಾ ಒಂದೇ ಥ್ರೆಡ್‌ನಲ್ಲಿ (ಪ್ರೋಗ್ರಾಮಿನ ಒಂದೇ ಎಳೆಯಲ್ಲಿ) ಅಂದಾಗ ನಕ್ಕವರೇ ಹೆಚ್ಚು. ನನ್ನ ಉಪಾಯ ಪೋಲ್: ಯಾವ ಲೈನಿಗೆ ಡೇಟಾ ಬಂತು ಅಂತ ಲಿನಕ್ಸ್‌ನ ತಿರುಳಾದ ಕರ್ನಲ್ ಹೇಳುವ ತನಕ ಎಲ್ಲದರ ಮೇಲೂ ಒಟ್ಟಿಗೆ ಕಾಯುವ ಕರೆ. ಲೈನಿಗೊಂದು ಥ್ರೆಡ್ ಹಾಕು ಅಂದರು ಕೆಲವರು. ಪೋಲ್‌ನ ಹೊಸ ರೂಪ ಇಪೋಲ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡ ಅಂದರು ಇನ್ನು ಕೆಲವರು. ಈಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಲವತ್ತರ ಆಸುಪಾಸು ಎನರ್ಜಿ ಮೀಟರುಗಳನ್ನು ಸಿ ಭಾಷೆಯ ಒಂದು ಪ್ರೋಗ್ರಾಂ, ಒಂದೇ ಪೋಲ್ ಕರೆಯಿಂದ ಓದುತ್ತಿದೆ. ಒಂದು ಮಳೆಗಾಲ ಕಳೆದಿದೆ, ಕರೆಂಟು ಲೆಕ್ಕವಿಲ್ಲದಷ್ಟು ಸಲ ಹೋಗಿ ಬಂದಿದೆ, ಯಾರೂ ಹೋಗಿ ರೀಸ್ಟಾರ್ಟ್ ಒತ್ತಿಲ್ಲ.

ಮೊದಲು ದುಡ್ಡಿನ ಮಾತು. ಇದೇ ಕೆಲಸ ಮಾಡುವ ರೆಡಿಮೇಡ್ ಗೇಟ್‌ವೇ ಪೆಟ್ಟಿಗೆಗೆ ಬಂದ ಕೊಟೇಶನ್ ತೊಂಬತ್ತು ಸಾವಿರದ ಹತ್ತಿರ ಇತ್ತು, ವರ್ಷ ವರ್ಷದ ನಿರ್ವಹಣೆ ಶುಲ್ಕ (ಎಎಂಸಿ) ಬೇರೆ. ನನ್ನ ಪೆಟ್ಟಿಗೆ ಹದಿನೈದು ಸಾವಿರದ ಒಳಗೆ ಮುಗಿಯಿತು: ರಾಸ್ಪ್‌ಬೆರಿ ಪೈ 4 (ಅಂಗೈ ಅಗಲದ ಕಂಪ್ಯೂಟರ್), ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್, ಯುಎಸ್‌ಬಿಯನ್ನು ಆರ್‌ಎಸ್-485ಕ್ಕೆ ಬದಲಿಸುವ ಆರು ಕನ್ವರ್ಟರ್. ಕನ್ವರ್ಟರಿನಲ್ಲಿ ಉಳಿಸಲು ಹೋಗಬೇಡಿ. ಎಸ್‌ಪಿ ರಸ್ತೆಯಲ್ಲಿ ಇನ್ನೂರು ರೂಪಾಯಿಗೆ ಸಿಗುವ ಸಿಎಚ್340 ಚಿಪ್ಪಿನ ಕನ್ವರ್ಟರ್ ಟೇಬಲ್ ಮೇಲೆ ಚೆನ್ನಾಗಿಯೇ ಓಡುತ್ತೆ. ಪ್ಯಾನೆಲ್ ಒಳಗೆ ಕಾಂಟ್ಯಾಕ್ಟರ್ (ಮೋಟಾರು ಹಚ್ಚುವ ದೊಡ್ಡ ಸ್ವಿಚ್) ಬಡಿದಾಗೆಲ್ಲ ಯುಎಸ್‌ಬಿಯಿಂದ ಬಿದ್ದು ಎದ್ದು ಮಾಡುತ್ತೆ. ಐಸೊಲೇಶನ್ (ಎರಡು ಕಡೆಯ ವಿದ್ಯುತ್ ಬೇರೆ ಇಡುವ ತಡೆ) ಇರುವ ಎಫ್‌ಟಿಡಿಐ ಚಿಪ್ಪಿನ ಕನ್ವರ್ಟರಿಗೆ ಸಾವಿರದ ಮೇಲೆ ಬೀಳುತ್ತೆ. ಕೊಡಿ.

ಲೆಕ್ಕ ಸರಳ. 9600 ಬಾಡ್‌ನಲ್ಲಿ (ಸೆಕೆಂಡಿಗೆ 9600 ಬಿಟ್) ಒಂದು ಬೈಟಿಗೆ ಸುಮಾರು ಒಂದು ಮಿಲಿಸೆಕೆಂಡ್. ಮೀಟರುಗಳು ಮಾತಾಡುವ ಮಾಡ್‌ಬಸ್ ಭಾಷೆಯಲ್ಲಿ 20 ರಿಜಿಸ್ಟರ್ (ಎರಡೆರಡು ಬೈಟಿನ ಅಂಕಿ) ಕೇಳಿದರೆ ಹೋಗುವುದು 8 ಬೈಟ್, ಬರುವುದು 45. ಮೀಟರ್ ಯೋಚನೆ ಮಾಡುವ ಸಮಯ ಸೇರಿಸಿ ನೂರು, ನೂರಿಪ್ಪತ್ತು ಮಿಲಿಸೆಕೆಂಡ್ ಅನ್ನಿ. ಹಳೇ ಪ್ರೋಗ್ರಾಂ ಮೀಟರುಗಳನ್ನು ಒಂದರ ಹಿಂದೆ ಒಂದು ಕೇಳುತ್ತಿತ್ತು. ಸುತ್ತು ಮುಗಿಯಲು ಐದು ಸೆಕೆಂಡ್, ಎರಡು ಮೀಟರ್ ಸತ್ತರೆ ಇನ್ನೂ ಮೇಲೆ. ಆರು ಲೈನಿಗೂ ಒಟ್ಟಿಗೆ ಪ್ರಶ್ನೆ ಕಳಿಸಿ, ಉತ್ತರ ಬಂದಲ್ಲಿಂದ ಎತ್ತಿಕೊಂಡರೆ ಅದೇ ಸುತ್ತು ಒಂದು ಸೆಕೆಂಡಿನ ಒಳಗೆ. ಸಿಪಿಯು ಬಳಕೆ ತೋರಿಸುವ ಟಾಪ್ ಕಮಾಂಡಿನಲ್ಲಿ ಹುಡುಕಿದರೂ ಪ್ರೋಗ್ರಾಂ ಸಿಗೋದಿಲ್ಲ.

ಇದೇ ಕೆಲಸದ ಹಳೇ ಕರೆ ಸೆಲೆಕ್ಟ್ ಯಾಕೆ ಬೇಡ ಅಂದರೆ, ಪ್ರತಿ ಸಲ ಕಾಯಬೇಕಾದವುಗಳ ಸೆಟ್ ಮತ್ತೆ ತುಂಬಬೇಕು, 1024 ಅಥವಾ ಅದರ ಮೇಲಿನ ಡಿಸ್ಕ್ರಿಪ್ಟರ್ (ತೆರೆದ ಪ್ರತಿ ಫೈಲು, ಲೈನಿಗೆ ಕರ್ನಲ್ ಕೊಡುವ ನಂಬರ್, ಅಂದರೆ ಎಫ್‌ಡಿ) ಹಾಕಿದರೆ ಸಿ ಲೈಬ್ರರಿ ಜಿಲಿಬ್‌ಸಿ ತಕರಾರಿಲ್ಲದೆ ಪಕ್ಕದ ಮೆಮರಿ ಕೆಡಿಸಬಹುದು. ಇಲ್ಲಿ ಡಿಸ್ಕ್ರಿಪ್ಟರ್ ಇಪ್ಪತ್ತೂ ಇಲ್ಲ, ನಿಜ. ಆದರೆ ಎಲ್ಲೋ ಲೀಕ್ ಆಗಿ ನಂಬರ್ ಏರಿದರೆ ಆ ಬಗ್ ಹುಡುಕುವ ಪಾಡು ಶತ್ರುವಿಗೂ ಬೇಡ. ಇಪೋಲ್ ಸಾವಿರಾರು ಸಾಕೆಟ್‌ಗೆ (ನೆಟ್‌ವರ್ಕ್ ಸಂಪರ್ಕಕ್ಕೆ) ಸರಿ. ಇಪ್ಪತ್ತಕ್ಕೆ ಪೋಲ್‌ಗೆ ಕೊಡುವ ಪಟ್ಟಿ (ಅರೇ) ಸಾಕು. ಒಂದು ಲೈನನ್ನು ತಾತ್ಕಾಲಿಕವಾಗಿ ಬಿಡಬೇಕಾದರೆ ಅದರ ಎಫ್‌ಡಿಯನ್ನು ನೆಗೆಟಿವ್ ಮಾಡಿದರಾಯಿತು, ಕರ್ನಲ್ ಅದನ್ನು ಮುಟ್ಟೋದಿಲ್ಲ. ಮೈನಸ್ ಹಾಕುವ ಬದಲು ಅದರ ಎಲ್ಲಾ ಬಿಟ್ ತಿರುಗಿಸಿ, ಇಲ್ಲದಿದ್ದರೆ ಎಫ್‌ಡಿ ಸೊನ್ನೆ ಇದ್ದಾಗ ಸೊನ್ನೆಯಾಗಿಯೇ ಉಳಿಯುತ್ತೆ.

ಬಹಳ ಜನ ಎಡವುವ ಜಾಗ ಸೀರಿಯಲ್ ಲೈನಿನ ಸೆಟ್ಟಿಂಗ್ ಟರ್ಮಿಯೋಸ್‌ನ ವಿಮಿನ್, ಅಂದರೆ ಕನಿಷ್ಠ ಎಷ್ಟು ಬೈಟ್ ಬರಬೇಕು ಅನ್ನುವುದು. ಅದರ ಜೋಡಿ ವಿಟೈಮ್, ಎಷ್ಟು ಹೊತ್ತು ಕಾಯಬೇಕು ಅನ್ನುವುದು. 45 ಬೈಟ್ ಬರಬೇಕಲ್ಲ ಅಂತ ವಿಮಿನ್ 45, ವಿಟೈಮ್ 0 ಇಟ್ಟರೆ ಲಿನಕ್ಸ್‌ನಲ್ಲಿ 45 ಬೈಟ್ ಸೇರುವ ತನಕ ಪೋಲ್ ಏಳೋದೇ ಇಲ್ಲ. ಕೇಳೋಕೆ ಅನುಕೂಲ ಅನಿಸುತ್ತೆ. ಆದರೆ ಮೀಟರ್ ತಪ್ಪು ರಿಜಿಸ್ಟರ್ ಅಂತ ಮಾಡ್‌ಬಸ್ ಎಕ್ಸೆಪ್ಶನ್ (ದೋಷದ ಉತ್ತರ) ಕಳಿಸಿದರೆ ಅದು ಬರೀ 5 ಬೈಟ್. ಪೋಲ್ ಮಲಗಿಯೇ ಇರುತ್ತೆ, ನೀವು ಟೈಮ್‌ಔಟ್ ಅಂತ ಬರೆದುಕೊಂಡು ವೈರ್ ಬಿಚ್ಚಿ ನೋಡುತ್ತಾ ಕೂರುತ್ತೀರಿ. ವಿಮಿನ್ 1, ವಿಟೈಮ್ 0 ಇಡಿ, ಜೊತೆಗೆ ಡೇಟಾ ಇಲ್ಲದಿದ್ದರೆ ಕಾಯದೆ ವಾಪಸ್ ಬರುವ ನಾನ್‌ಬ್ಲಾಕಿಂಗ್. ವಿಮಿನ್ ಸೊನ್ನೆಯೂ ಬೇಡ. ಆಗ ಡೇಟಾ ಇಲ್ಲದಿದ್ದರೂ ಓದುವ ಕರೆ ರೀಡ್ ಸೊನ್ನೆ ಕೊಡುತ್ತೆ, ಲೈನು ಕಿತ್ತುಹೋದರೂ ಸೊನ್ನೆಯೇ. ಯಾವುದು ಯಾವುದು ಅಂತ ಹೇಳೋಕಾಗಲ್ಲ.

ಫ್ರೇಮ್ (ಒಂದು ಪೂರ್ತಿ ಉತ್ತರ) ಮುಗಿಯಿತು ಅಂತ ಗೊತ್ತಾಗೋದು ಹೇಗೆ? ಮಾಡ್‌ಬಸ್ ಪುಸ್ತಕದಲ್ಲಿ 3.5 ಅಕ್ಷರದ ಮೌನ ಅಂತಿದೆ, 9600ರಲ್ಲಿ ಸುಮಾರು 4 ಮಿಲಿಸೆಕೆಂಡ್. ಎಫ್‌ಟಿಡಿಐ ಡ್ರೈವರಿನ ಲೇಟೆನ್ಸಿ ಟೈಮರ್ (ಬೈಟುಗಳನ್ನು ಕೂಡಿಟ್ಟು ಕಳಿಸುವ ಅವಧಿ) 16 ಮಿಲಿಸೆಕೆಂಡ್ ಇರುವಾಗ ಆ ಮೌನ ನಿಮ್ಮ ತನಕ ತಲುಪೋದೇ ಇಲ್ಲ, ಬೈಟುಗಳು ಗೊಂಚಲಾಗಿ ಬರುತ್ತವೆ. ಕರ್ನಲ್ ಸೆಟ್ಟಿಂಗುಗಳ ಫೋಲ್ಡರ್ ಸಿಸ್‌ಎಫ್‌ಎಸ್‌ನಲ್ಲಿ ಲೇಟೆನ್ಸಿ 1 ಮಾಡಿ, ಆದರೂ ಮೌನವನ್ನು ನಂಬಬೇಡಿ. ಉದ್ದ ಎಣಿಸಿ: ಎರಡನೇ ಬೈಟಿನ ಮೇಲಿನ ಬಿಟ್ ಎದ್ದಿದ್ದರೆ ಅದು ಎಕ್ಸೆಪ್ಶನ್, ಒಟ್ಟು 5; ಇಲ್ಲದಿದ್ದರೆ ಮೂರನೇ ಬೈಟಿನಲ್ಲಿರುವ ಸಂಖ್ಯೆಗೆ 5 ಸೇರಿಸಿ. ಆಮೇಲೆ ತಪ್ಪು ಹಿಡಿಯುವ ಸಿಆರ್‌ಸಿ ತಾಳೆ ನೋಡಿ.

ಟೈಮ್‌ಔಟ್ ವಿಷಯ. ಪ್ರತಿ ಲೈನಿಗೂ ಒಂದು ಗಡುವು ಇಟ್ಟು, ಎಲ್ಲಕ್ಕಿಂತ ಹತ್ತಿರದ ಗಡುವಿಗೆ ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕಿ ಪೋಲ್‌ಗೆ ಕೊಡಿ. ಭಿನ್ನ ಬಂದರೆ ಮೇಲಕ್ಕೆ ಏರಿಸಿ. 0.4 ಮಿಲಿಸೆಕೆಂಡನ್ನು ಸೊನ್ನೆ ಮಾಡಿದರೆ ಗಡುವು ಬರುವ ತನಕ ಲೂಪ್ ಸುಮ್ಮನೆ ಗಿರಕಿ ಹೊಡೆಯುತ್ತೆ. ಸಿಗ್ನಲ್ ಬಂದು ಪೋಲ್ ಇಐಎನ್‌ಟಿಆರ್ (ನಡುವೆ ತಡೆ ಬಂತು ಅನ್ನುವ ದೋಷ) ಕೊಟ್ಟರೆ ಸುಮ್ಮನೆ ಲೂಪಿನ ತಲೆಗೆ ಹೋಗಿ, ಗಡುವಿನಿಂದ ಲೆಕ್ಕ ತಾನಾಗೇ ಸರಿಹೋಗುತ್ತೆ. ತಡೆದ ಕರೆಯನ್ನು ತಾನಾಗೇ ಮತ್ತೆ ಹಚ್ಚುವ ಎಸ್‌ಎ_ರೀಸ್ಟಾರ್ಟ್ ಹಾಕಿದ್ದೇನಲ್ಲ ಅನ್ನಬೇಡಿ, ಪೋಲ್‌ಗೆ ಅದು ಲಾಗೂ ಆಗಲ್ಲ. ಗಡಿಯಾರ ಮೊನೊಟಾನಿಕ್ (ಹಿಂದೆ ಮುಂದೆ ಜಿಗಿಯದ್ದು) ಆಗಿರಲಿ. ಪೈ 4ರಲ್ಲಿ ಕರೆಂಟು ಹೋದರೂ ನಡೆಯುವ ಗಡಿಯಾರ (ಆರ್‌ಟಿಸಿ) ಇಲ್ಲ, ಬೂಟ್ ಆದ ಮೇಲೆ ನೆಟ್‌ವರ್ಕಿನಿಂದ ಸಮಯ ತರುವ ಎನ್‌ಟಿಪಿ ಸಮಯವನ್ನು ಒಮ್ಮೆಗೇ ಮುಂದಕ್ಕೆ ಎಳೆದರೆ ಎಲ್ಲಾ ಮೀಟರೂ ಒಟ್ಟಿಗೆ ಸತ್ತಂತೆ ಕಾಣುತ್ತವೆ.

ಸತ್ತ ಮೀಟರಿಗೆ ನಾನು 300 ಮಿಲಿಸೆಕೆಂಡ್ ಕಾಯುತ್ತೇನೆ, ಆಮೇಲೆ ಅದನ್ನು ಎಲ್ಲಾ ಸುತ್ತಿನಲ್ಲೂ ಕೇಳೋದಿಲ್ಲ. ಎಷ್ಟು ಸುತ್ತಿಗೊಮ್ಮೆ, ಯಾವ ಮೀಟರ್ ಪಕ್ಕದಲ್ಲಿ ಅನ್ನುವ ಸೂತ್ರ ಮಾತ್ರ ನನ್ನ ಹತ್ತಿರವೇ ಇರಲಿ. ಹೊಟ್ಟೆಪಾಡು.

ಕನ್ವರ್ಟರ್ ಕಿತ್ತಾಗ ಪೋಲ್‌ನಿಂದ ಪೋಲ್‌ಹಪ್ (ಸಂಪರ್ಕ ಕಡಿಯಿತು), ಪೋಲ್‌ಎರ್ (ದೋಷ) ಅನ್ನುವ ಸೂಚನೆಗಳು ಬರುತ್ತವೆ. ನೀವು ಕೇಳದಿದ್ದರೂ ಬರುತ್ತವೆ. ಯಾವ ಸೂಚನೆ ಬೇಕು ಅಂತ ಹೇಳುವ ಇವೆಂಟ್ಸ್ ಸೊನ್ನೆ ಮಾಡಿ ತಪ್ಪಿಸಿಕೊಳ್ಳಲು ಆಗದು, ಸಿಪಿಯು ನೂರಕ್ಕೆ ಏರುತ್ತೆ. ಉಳಿದ ಡೇಟಾ ಓದಿ ಕ್ಲೋಸ್ ಮಾಡಲೇಬೇಕು. ಕ್ಲೋಸ್ ಮಾಡದಿದ್ದರೆ ಇನ್ನೊಂದು ಶಿಕ್ಷೆ: ಕನ್ವರ್ಟರಿಗೆ ಲಿನಕ್ಸ್ ಕೊಟ್ಟ ಹಳೇ ಟಿಟಿವೈಯುಎಸ್‌ಬಿ ನಂಬರು ಬಿಡುಗಡೆ ಆಗೋದಿಲ್ಲ, ಮತ್ತೆ ಸಿಕ್ಕಿಸಿದ ಕನ್ವರ್ಟರ್ ಬೇರೆ ನಂಬರಿನಲ್ಲಿ ಹುಟ್ಟುತ್ತೆ. ಹೇಗೂ ನಂಬರ್ ನಂಬದೆ ಡೆವ್‌ನ ಸೀರಿಯಲ್ ಫೋಲ್ಡರಿನಲ್ಲಿ, ಯಾವ ತೂತಿಗೆ ಸಿಕ್ಕಿಸಿದೆ ಅಂತ ಹೇಳುವ ಬೈ-ಪಾತ್ ಹೆಸರಲ್ಲಿ ತೆರೆಯಿರಿ, ಹಬ್ಬಿನ ತೂತಿಗೆ ನೇಲ್ ಪಾಲಿಶ್ ಗುರುತು ಹಾಕಿ. ಎಲೆಕ್ಟ್ರಿಷಿಯನ್‌ಗೆ ಫೋನಲ್ಲಿ ಹೇಳೋಕೆ ಸುಲಭ.

ಡ್ಯಾಶ್‌ಬೋರ್ಡ್ ಕಡೆ ಪೋಲ್‌ಔಟ್ (ಬರೆಯಬಹುದು ಅನ್ನುವ ಸೂಚನೆ) ಸದಾ ಕೇಳಬೇಡಿ. ಸಾಕೆಟ್ ಹೆಚ್ಚುಕಾಲ ಬರೆಯಲು ಸಿದ್ಧವೇ ಇರುತ್ತೆ, ಪೋಲ್ ಕೂಡಲೇ ವಾಪಸ್ ಬರುತ್ತೆ. ಕಳಿಸಲು ಬಾಕಿ ಉಳಿದಾಗ ಮಾತ್ರ ಹಚ್ಚಿ, ಖಾಲಿಯಾದ ತಕ್ಷಣ ಆರಿಸಿ. ಬಾಕಿ 64 ಕೆಬಿ ದಾಟಿದ ಕ್ಲೈಂಟನ್ನು ನಾನು ಮುಲಾಜಿಲ್ಲದೆ ಕತ್ತರಿಸುತ್ತೇನೆ.

ಅಂಕಿ ಬರೆದಿಡುವ ಎಸ್‌ಡಿ ಕಾರ್ಡ್ ಬೇರೆಯದೇ ತಲೆನೋವು. ಸಾಮಾನ್ಯ ಫೈಲ್ ಪೋಲ್‌ಗೆ ಯಾವಾಗಲೂ ಸಿದ್ಧ, ಇಪೋಲ್ ಅಂತೂ ಇಪರ್ಮ್ ದೋಷ ಕೊಟ್ಟು ತಿರಸ್ಕರಿಸುತ್ತೆ. ಆದರೆ ಕಾರ್ಡಿಗೆ ಈಗಲೇ ಬರೆ ಅನ್ನುವ ಎಫ್‌ಸಿಂಕ್ ಕೊಟ್ಟಾಗ ಕಾರ್ಡ್ ಒಮ್ಮೊಮ್ಮೆ ಅರ್ಧ ಸೆಕೆಂಡ್ ಹಿಡಿದಿಡುತ್ತೆ, ಅಷ್ಟು ಹೊತ್ತು ಆರೂ ಲೈನ್ ಬಂದ್. ಬರೆಯುವ ಕೆಲಸ ಬೇರೆ ಪ್ರೋಸೆಸ್‌ಗೆ ಕೊಟ್ಟು ನಡುವೆ ಡೇಟಾ ದಾಟಿಸುವ ಪೈಪ್ ಇಟ್ಟೆ. ಒಂದು ದಾಖಲೆ 4096 ಬೈಟ್ ಒಳಗಿದ್ದರೆ ಪೈಪ್‌ನಲ್ಲಿ ತುಂಡಾಗೋದಿಲ್ಲ.

ಇದೇ ಲೂಪಿಗೆ ನೀರಿನ ಮೀಟರಿನ ಪಲ್ಸ್ ಕೂಡ ಸೇರಿಸಿ ನೋಡಿದೆ. ಪೈನ ಪಿನ್ನುಗಳನ್ನು (ಜಿಪಿಐಒ) ಹಳೇ ಸಿಸ್‌ಎಫ್‌ಎಸ್ ದಾರಿಯಲ್ಲಿ ಓದುವಾಗ ಪೋಲ್‌ಇನ್ (ಓದಲು ಡೇಟಾ ಇದೆ) ಕೇಳಿದರೆ ಉಪಯೋಗವಿಲ್ಲ, ಪೋಲ್‌ಪ್ರೈ (ತುರ್ತು ಸೂಚನೆ) ಕೇಳಬೇಕು. ಎದ್ದ ಮೇಲೆ ಎಲ್‌ಸೀಕ್ ಕರೆಯಿಂದ ಫೈಲಿನ ಶುರುವಿಗೆ ಹೋಗಿ ಮೊದಲಿನಿಂದ ಓದಬೇಕು, ಇಲ್ಲದಿದ್ದರೆ ಎದ್ದದ್ದೇ ಎದ್ದದ್ದು. ಹೊಸ ದಾರಿಯಾದ ಕ್ಯಾರೆಕ್ಟರ್ ಡಿವೈಸ್‌ನಲ್ಲಿ ಪೋಲ್‌ಇನ್ ಸಾಕು, ಸಮಯದ ಮುದ್ರೆಯೂ ಕರ್ನಲ್‌ನಿಂದಲೇ ಬರುತ್ತೆ. ಪಲ್ಸ್ ಕೊಡುವ ಆಯಸ್ಕಾಂತದ ಸ್ವಿಚ್ಚಿನ (reed switch) ನಡುಕ ಮಾತ್ರ ಎರಡರಲ್ಲೂ ಹೋಗಲಿಲ್ಲ, ಕೊನೆಗೆ ಒಂದು ಕೆಪಾಸಿಟರ್ ಹಾಕಿ ಮುಗಿಸಿದೆ.

ಪೋಲ್ ಹೇಳದೇ ಬಿಡುವ ಸಾವು ಒಂದಿದೆ. ಡ್ಯಾಶ್‌ಬೋರ್ಡ್ ಕಂಪ್ಯೂಟರಿನ ಪ್ಲಗ್ ಯಾರಾದರೂ ಎಳೆದರೆ ಸಂಪರ್ಕ ಮುಗಿಯಿತು ಅನ್ನುವ ಎಫ್‌ಐಎನ್ ಬರೋದಿಲ್ಲ, ಸಾಕೆಟ್ ಬದುಕಿದ್ದಂತೆಯೇ ಇರುತ್ತೆ. ಆ ಕಡೆ ಇದ್ದೀಯಾ ಅಂತ ಕೇಳುವ ಕೀಪ್‌ಅಲೈವ್ ಹಚ್ಚಿದರೂ, ಮೊದಲ ಸಲ ಕೇಳಲು ಲಿನಕ್ಸ್‌ನ ಮಾಮೂಲಿ ಅವಧಿ 7200 ಸೆಕೆಂಡ್. ನಾನು ಐಡಲ್ 60 (ಕೇಳುವ ಮೊದಲಿನ ಮೌನ, ಸೆಕೆಂಡಿನಲ್ಲಿ), ಇಂಟರ್‌ವಲ್ 10 (ಪ್ರಶ್ನೆಗಳ ನಡುವಿನ ಸೆಕೆಂಡು), ಕೌಂಟ್ 3 (ಎಷ್ಟು ಸಲ) ಇಟ್ಟಿದ್ದೇನೆ. ಸುಮ್ಮನಿರುವ ಸಾಕೆಟ್ ಒಂದೂವರೆ ನಿಮಿಷದಲ್ಲಿ ಪೋಲ್‌ಎರ್ ಆಗಿ ಬಂದು ಬೀಳುತ್ತೆ. ಬಾಕಿ ಡೇಟಾ ಇರುವಾಗ ಕೀಪ್‌ಅಲೈವ್ ಓಡೋದಿಲ್ಲ, ಅದಕ್ಕೆ ಟಿಸಿಪಿ ಯೂಸರ್ ಟೈಮ್‌ಔಟ್ ಬೇರೆ ಕೊಡಬೇಕು.