ಈ ಜ್ವಾಲಾಮುಖಿ ಇಲ್ಲೇ ಯಾಕಿದೆ? ನಕ್ಷೆ ನೋಡಿ ಪತ್ತೆ ಹಚ್ಚುವ ಬಗೆ

ಭೂವಿಜ್ಞಾನದ ಮೊದಲ ವರ್ಷದವರಿಗೆ ನಾನು ಪಾಠ ಮಾಡುತ್ತೇನೆ. ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡುಗಳಾದ ಪ್ಲೇಟ್‌ಗಳ ಗಡಿ ಮೂರು ಬಗೆ ಅಂತ ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ದೂರ ಸರಿಯುವುದು, ಒಂದಕ್ಕೊಂದು ಒತ್ತುವುದು, ಪಕ್ಕಪಕ್ಕದಲ್ಲಿ ಉಜ್ಜಿಕೊಂಡು ಹೋಗುವುದು. ಸರಿ. ಆದರೆ ನಕ್ಷೆಯಲ್ಲಿ ಒಂದು ಜ್ವಾಲಾಮುಖಿಯ ಮೇಲೆ ಬೆರಳಿಟ್ಟು, ‘ಇದು ಇಲ್ಲೇ ಯಾಕಿದೆ?’ ಅಂತ ಕೇಳಿದರೆ ಇಡೀ ತರಗತಿ ಗಪ್‌ಚುಪ್. ಹಾಗಾಗಿ ನಾನು ಪ್ರತಿಯೊಬ್ಬರಿಗೂ ಒಂದೊಂದು ಜ್ವಾಲಾಮುಖಿ ಹಂಚಿ, ಅದರ ಜಾತಕ ಬರೆದು ತನ್ನಿ ಅನ್ನುತ್ತೇನೆ. ಆ ಕೆಲಸ ಮಾಡುವ ಬಗೆ ಇದು.

ಬೇಕಾಗುವ ಸಾಮಾನು ಕಡಿಮೆ. ಗೂಗಲ್ ಅರ್ಥ್, ಅಮೆರಿಕದ ಯುಎಸ್‌ಜಿಎಸ್ ಸಂಸ್ಥೆಯ ಭೂಕಂಪಗಳ ಪಟ್ಟಿ, ಗ್ರಾಫ್ ಹಾಳೆ, ಪೆನ್ಸಿಲ್. ಮೊದಲ ಎರಡೂ ಪುಕ್ಕಟೆ ಸಿಗುತ್ತವೆ.

ಶುರು ಮಾಡುವ ಮೊದಲು ತಲೆಯಿಂದ ಒಂದು ಚಿತ್ರ ಅಳಿಸಿ. ನೆಲದಡಿ ಎಲ್ಲೆಲ್ಲೂ ಕೆಂಪಗೆ ಕುದಿಯುವ ಲಾವಾ, ಅದರ ಮೇಲೆ ಪ್ಲೇಟ್‌ಗಳು ತೇಲುತ್ತಿವೆ ಅನ್ನುವ ಚಿತ್ರ. ಪುಸ್ತಕಗಳಲ್ಲಿ ಮ್ಯಾಂಟಲ್‌ಗೆ, ಅಂದರೆ ಭೂಮಿಯ ತೊಗಟೆಯ ಕೆಳಗಿರುವ ದಪ್ಪ ಪದರಕ್ಕೆ, ಕೆಂಪು ಬಣ್ಣ ಬಳಿಯುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಮ್ಯಾಂಟಲ್ ಗಟ್ಟಿ ಕಲ್ಲು. ಭೂಕಂಪದ ಎಸ್ ಅಲೆಗಳು ದ್ರವದೊಳಗೆ ಸಾಗುವುದಿಲ್ಲ, ಆದರೆ ಮ್ಯಾಂಟಲ್‌ನೊಳಗೆ ಆರಾಮಾಗಿ ಸಾಗುತ್ತವೆ. ಆ ಕಲ್ಲು ವರ್ಷಕ್ಕೆ ಕೆಲವು ಸೆಂಟಿಮೀಟರ್‌ನಷ್ಟು ಮೆಲ್ಲಗೆ ಹರಿಯುತ್ತದೆ, ಆದರೂ ಗಟ್ಟಿಯೇ. ಇಷ್ಟು ಒಪ್ಪಿಕೊಂಡರೆ ಕೇಳಬೇಕಾದ ಪ್ರಶ್ನೆ ತಾನಾಗಿ ಬರುತ್ತದೆ: ಗಟ್ಟಿ ಕಲ್ಲು ಇಲ್ಲಿ ಮಾತ್ರ ಯಾಕೆ ಕರಗಿತು? ಆರಂಭಕ್ಕೆ ಎರಡು ಉತ್ತರ ಸಾಕು. ಒಂದೋ ಅದರ ಮೇಲಿನ ಒತ್ತಡ ಇಳಿದಿದೆ, ಇಲ್ಲವೇ ಅದರೊಳಗೆ ನೀರು ಸೇರಿದೆ.

ಉದಾಹರಣೆಗೆ ಇಂಡೋನೇಷ್ಯಾದ ಜಾವಾ ದ್ವೀಪದ ಮೆರಾಪಿ ತೆಗೆದುಕೊಳ್ಳೋಣ. ಗೂಗಲ್ ಅರ್ಥ್‌ನಲ್ಲಿ ಅದನ್ನು ಹುಡುಕಿ, ಸ್ವಲ್ಪ ದೂರ ಸರಿದು ನೋಡಿ. ದ್ವೀಪದ ದಕ್ಷಿಣಕ್ಕೆ, ಸಮುದ್ರದ ತಳದಲ್ಲಿ, ಕರಾವಳಿಗೆ ಸಮಾನಾಂತರವಾಗಿ ಕಡುನೀಲಿ ಪಟ್ಟಿ ಕಾಣುತ್ತದೆ. ಅದು ಜಾವಾ ಕಂದಕ, ಆಳ 7 ಕಿ.ಮೀ.ಗೂ ಜಾಸ್ತಿ. ಅಳತೆಪಟ್ಟಿಯ ಗುಂಡಿ ಒತ್ತಿ, ಕಂದಕದಿಂದ ಮೆರಾಪಿಯವರೆಗೆ ಗೆರೆ ಎಳೆಯಿರಿ. ಸುಮಾರು 300 ಕಿ.ಮೀ. ಬರುತ್ತದೆ. ಇದನ್ನು ಬರೆದಿಟ್ಟುಕೊಳ್ಳಿ.

ಇನ್ನು ಭೂಕಂಪಗಳ ಸರದಿ. ಯುಎಸ್‌ಜಿಎಸ್ ಪುಟದಲ್ಲಿ ಕಂದಕದಿಂದ ಜಾವಾ ಸಮುದ್ರದವರೆಗೆ ಒಂದು ಕಿರಿದಾದ ಪಟ್ಟಿ ಆರಿಸಿ. ತೀವ್ರತೆ 4.5ಕ್ಕಿಂತ ಮೇಲಿನದು, ಒಂದಷ್ಟು ದಶಕಗಳದ್ದು ಸಾಕು. ಪಟ್ಟಿ ಇಳಿಸಿಕೊಂಡರೆ ಪ್ರತಿ ಭೂಕಂಪದ ಜಾಗ, ಆಳ ಎರಡೂ ಸಿಗುತ್ತವೆ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಕಂದಕದಿಂದ ಇರುವ ದೂರ, ಕೆಳಮುಖವಾಗಿ ಆಳ ಗುರುತಿಸಿ. ಎರಡು ದಿಕ್ಕಿಗೂ ಒಂದೇ ಅಳತೆ ಇರಲಿ, ಇಲ್ಲದಿದ್ದರೆ ಇಳಿಜಾರು ಸುಳ್ಳು ಹೇಳುತ್ತದೆ. ಬಹಳ ಚುಕ್ಕಿಗಳು ಸರಿಯಾಗಿ 10 ಕಿ.ಮೀ. ಅಥವಾ 33 ಕಿ.ಮೀ. ಆಳದಲ್ಲಿ ಸಾಲಾಗಿ ನಿಂತಿದ್ದರೆ ಗಾಬರಿ ಬೇಡ. ಅಲ್ಲಿ ಭೂಮಿ ಪದರ ಪದರವಾಗಿ ಕಂಪಿಸಿಲ್ಲ. ಆಳ ನಿಖರವಾಗಿ ಸಿಗದಾಗ ಹಾಕಿಡುವ ಸಂಖ್ಯೆಗಳು ಅವು. ಅವನ್ನು ಸುಮ್ನೆ ಬಿಟ್ಟುಬಿಡಿ.

ಚುಕ್ಕಿ ಇಡುತ್ತಾ ಹೋದಂತೆ ಕಂದಕದ ಬಳಿ ಮೇಲಿರುವ ಭೂಕಂಪಗಳು ಉತ್ತರಕ್ಕೆ ಹೋದಂತೆಲ್ಲ ಆಳ ಆಳವಾಗುತ್ತವೆ. ಜಾವಾ ಸಮುದ್ರದ ಕೆಳಗೆ 500–600 ಕಿ.ಮೀ. ಮುಟ್ಟುತ್ತವೆ. ನೀವು ಬಿಡಿಸಿದ್ದು ಕೆಳಗೆ ಮುಳುಗುತ್ತಿರುವ ಸಾಗರ ಪ್ಲೇಟ್‌ನ ಇಳಿಜಾರನ್ನೇ. ಇಷ್ಟು ಆಳದಲ್ಲೂ ಭೂಕಂಪ ಆಗುತ್ತದೆ ಅಂತ ಜಪಾನಿನ ಕಿಯೂ ವಾದಾತಿ 1928ರಲ್ಲಿ ತೋರಿಸಿಕೊಟ್ಟರು. ಆಗ ಪ್ಲೇಟ್ ಸಿದ್ಧಾಂತವೇ ಇರಲಿಲ್ಲ. ಈಗ ಈ ಇಳಿಜಾರಿಗೆ ವಾದಾತಿ-ಬೆನಿಯಾಫ್ ವಲಯ ಎನ್ನುತ್ತಾರೆ.

ಮೆರಾಪಿಯ ನೇರ ಕೆಳಗೆ ಈ ಇಳಿಜಾರು ಎಷ್ಟು ಆಳದಲ್ಲಿದೆ ನೋಡಿ. 100ರಿಂದ 200 ಕಿ.ಮೀ. ನಡುವೆ ಬಂದರೆ ನಿಮ್ಮ ಗ್ರಾಫ್ ಸರಿಯಿದೆ. ಬೇರೆ ಕಡೆಯೂ ಇದೇ ಆಟ: ಕಂದಕದ ಪಕ್ಕದ ಜ್ವಾಲಾಮುಖಿಗಳ ಕೆಳಗೆ ಮುಳುಗುವ ಪ್ಲೇಟ್ ಸಾಮಾನ್ಯವಾಗಿ 100 ಕಿ.ಮೀ. ಆಸುಪಾಸಿನಲ್ಲಿರುತ್ತದೆ. ಪ್ಲೇಟ್ ಕಡಿದಾಗಿ ಇಳಿದರೆ ಜ್ವಾಲಾಮುಖಿ ಕಂದಕಕ್ಕೆ ಹತ್ತಿರ, ಓರೆಯಾಗಿ ಇಳಿದರೆ ದೂರ.

ಆ ಆಳವೇ ಯಾಕೆ? ಸಾಗರ ಪ್ಲೇಟ್ ಕೋಟಿಗಟ್ಟಲೆ ವರ್ಷ ಸಮುದ್ರದಡಿ ಇರುತ್ತದಲ್ಲ, ಆಗ ನೀರು ಅದರ ಖನಿಜಗಳ ಒಳಗೇ ಸೇರಿಬಿಟ್ಟಿರುತ್ತದೆ. ಕೆಳಗಿಳಿದಂತೆ ಬಿಸಿ, ಒತ್ತಡ ಏರಿ ಆ ನೀರು ಬಿಟ್ಟುಕೊಂಡು ಮೇಲಿನ ಮ್ಯಾಂಟಲ್‌ಗೆ ಹೋಗುತ್ತದೆ. ಉಪ್ಪು ಬಿದ್ದ ಮಂಜುಗಡ್ಡೆ ಬೇಗ ಕರಗುವ ಹಾಗೆ, ನೀರು ಸೇರಿದ ಕಲ್ಲು ಕಡಿಮೆ ಬಿಸಿಗೇ ಕರಗತೊಡಗುತ್ತದೆ. ಗಮನಿಸಿ, ಹೆಚ್ಚಾಗಿ ಕರಗುವುದು ಮುಳುಗುವ ಪ್ಲೇಟ್ ಅಲ್ಲ, ಅದರ ಮೇಲಿರುವ ಮ್ಯಾಂಟಲ್. ‘ಪ್ಲೇಟ್‌ಗಳು ಉಜ್ಜಿ ಬಿಸಿಯಾಗಿ ಕರಗುತ್ತವೆ’ ಅಂತ ಬರೆದರೆ ನಾನು ಅಂಕ ಕತ್ತರಿಸುತ್ತೇನೆ, ಉಳಿದದ್ದು ಎಷ್ಟೇ ಚೆನ್ನಾಗಿರಲಿ.

ಜಾಗ ಗೊತ್ತಾದರೆ ಸ್ವಭಾವವನ್ನೂ ಊಹಿಸಬಹುದು. ಮ್ಯಾಂಟಲ್‌ನಿಂದ ಹೊಸದಾಗಿ ಕರಗಿ ಬಂದದ್ದು ಬಸಾಲ್ಟ್. ಅದರಲ್ಲಿ ಸಿಲಿಕಾ (ಮರಳಿನಲ್ಲಿರುವ ಮುಖ್ಯ ಅಂಶ) ಶೇ. 50ರ ಆಸುಪಾಸು. 1100–1200 ಡಿಗ್ರಿ ಬಿಸಿ, ಸಲೀಸಾಗಿ ಹರಿಯುತ್ತದೆ. ದಪ್ಪ ತೊಗಟೆಯ ನಡುವೆ ತಡೆದು ತಡೆದು ಮೇಲೆ ಬರುವಾಗ ಕೆಲವು ಖನಿಜಗಳು ಹರಳಾಗಿ ಹಿಂದುಳಿಯುತ್ತವೆ, ಸುತ್ತಲಿನ ಕಲ್ಲೂ ಕರಗಿ ಬೆರೆಯುತ್ತದೆ. ಸಿಲಿಕಾ ಶೇ. 60ರ ಹತ್ತಿರ ಹೋದರೆ ಆಂಡಿಸೈಟ್. ಇದು ಅಂಟು ಅಂಟು. ಒಳಗಿನ ಆವಿ, ಅನಿಲ ಸುಲಭವಾಗಿ ಹೊರಬರಲಾರದು. ಮೇಲೆ ಬಂದಂತೆ ಒತ್ತಡ ಇಳಿಯುತ್ತದೆ, ಗುಳ್ಳೆಗಳು ಉಬ್ಬುತ್ತವೆ, ಸ್ಫೋಟವಾಗುತ್ತದೆ. ಕಂದಕದ ಪಕ್ಕದ ಬೆಟ್ಟಗಳು ಕಡಿದಾಗಿ, ಅಪಾಯಕಾರಿಯಾಗಿ ಇರುವುದು ಇದಕ್ಕೇ. ಫಿಲಿಪ್ಪೀನ್ಸ್‌ನ ಪಿನಾಟುಬೊ 1991ರ ಜೂನ್ 15ರಂದು ಸಿಡಿದಾಗ ಮೇಲೆ ಹೋದ ಗಂಧಕದ ಅನಿಲದಿಂದ ಮುಂದಿನ ವರ್ಷ ಇಡೀ ಭೂಮಿಯ ಸರಾಸರಿ ತಾಪಮಾನ ಸುಮಾರು ಅರ್ಧ ಡಿಗ್ರಿ ಇಳಿಯಿತು.

ಕಂದಕ ಹುಡುಕಿದರೂ ಸಿಗಲಿಲ್ಲ ಅಂದರೆ? ಹವಾಯಿಯ ಕಿಲೌಯಾ ನೋಡಿ. ಸುತ್ತ ಸಾವಿರಾರು ಕಿ.ಮೀ. ಯಾವ ಗಡಿಯೂ ಇಲ್ಲ. ಇಲ್ಲಿ ಹುಡುಕಬೇಕಾದ್ದು ಸಾಲು. ವಾಯವ್ಯಕ್ಕೆ ದ್ವೀಪಗಳ ಸಾಲು, ಆಮೇಲೆ ನೀರಿನಡಿಯ ಬೆಟ್ಟಗಳ ಸಾಲು, ದೂರ ಹೋದಂತೆಲ್ಲ ವಯಸ್ಸು ಹೆಚ್ಚು. ಆಳದಿಂದ ಬಿಸಿ ಕಲ್ಲು ಏರುವ ಜಾಗ ಹೆಚ್ಚುಕಡಿಮೆ ಅಲ್ಲೇ ಇದೆ, ಮೇಲೆ ಪ್ಲೇಟ್ ಸರಿಯುತ್ತಿದೆ ಅಂತ 1963ರಲ್ಲಿ ಕೆನಡಾದ ವಿಜ್ಞಾನಿ ಟೂಜೊ ವಿಲ್ಸನ್ ಹೇಳಿದರು. ಇದೇ ಹಾಟ್‌ಸ್ಪಾಟ್. ಇಲ್ಲಿ ಕಲ್ಲು ಕರಗುವುದು ಒತ್ತಡ ಇಳಿದು.

ಈ ಸಾಲಿನಿಂದ ಪ್ಲೇಟ್‌ನ ವೇಗವನ್ನೂ ಲೆಕ್ಕ ಹಾಕಬಹುದು. ನನಗೆ ಇದು ಇಡೀ ಪಾಠದ ಅತಿ ಇಷ್ಟದ ಭಾಗ. ಕಿಲೌಯಾದಿಂದ ಕೌವಾಯಿ ದ್ವೀಪ ಸುಮಾರು 500 ಕಿ.ಮೀ., ಅದರ ಕಲ್ಲಿನ ವಯಸ್ಸು ಸುಮಾರು 50 ಲಕ್ಷ ವರ್ಷ. ಭಾಗಿಸಿ. ವರ್ಷಕ್ಕೆ 10 ಸೆಂ.ಮೀ. ಮಿಡ್‌ವೇ ದ್ವೀಪ ಸುಮಾರು 2,400 ಕಿ.ಮೀ., 2.8 ಕೋಟಿ ವರ್ಷ. ಮತ್ತೆ ಭಾಗಿಸಿದರೆ ಎಂಟೂವರೆ ಸೆಂ.ಮೀ. ಎರಡೂ ಹತ್ತಿರ ಹತ್ತಿರ ಬಂದವು, ಅಲ್ವಾ? ಉಪಗ್ರಹಗಳ ಅಳತೆಯೂ ಇದೇ ಆಸುಪಾಸಿನಲ್ಲಿದೆ.

ಸಾಗರದ ನಡುವಿನ ಏಣುಗಳಲ್ಲೂ (ಪ್ಲೇಟ್‌ಗಳು ದೂರ ಸರಿಯುವ ಕಡೆ ಇರುವ ನೀರಿನಡಿಯ ಬೆಟ್ಟಸಾಲುಗಳು) ಒತ್ತಡ ಇಳಿದೇ ಕಲ್ಲು ಕರಗುವುದು. ಪ್ಲೇಟ್‌ಗಳು ದೂರ ಸರಿದಾಗ ಕೆಳಗಿನ ಮ್ಯಾಂಟಲ್ ಮೇಲೆ ಬಂದು ಜಾಗ ತುಂಬುತ್ತದೆ. ಭೂಮಿಯ ಹೆಚ್ಚಿನ ಲಾವಾ ಹೊರಬರುವುದು ಇಲ್ಲೇ, ನೀರಿನಡಿ, ಯಾರ ಕಣ್ಣಿಗೂ ಬೀಳದೆ. ಐಸ್‌ಲ್ಯಾಂಡ್‌ನಲ್ಲಿ ಏಣು ಮತ್ತು ಹಾಟ್‌ಸ್ಪಾಟ್ ಒಂದೇ ಕಡೆ ಸೇರಿವೆ, ಹಾಗಾಗಿ ಅಲ್ಲಿ ಏಣು ನೀರಿನಿಂದ ಮೇಲೆದ್ದಿದೆ.

ಜ್ವಾಲಾಮುಖಿ ಇಲ್ಲದ ಜಾಗಕ್ಕೂ ಇದೇ ಪ್ರಶ್ನೆ ಕೇಳಿ. ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಬಿರುಕಿನಲ್ಲಿ ಪ್ಲೇಟ್‌ಗಳು ಪಕ್ಕಪಕ್ಕ ಸರಿಯುತ್ತವೆ ಅಷ್ಟೇ. ಒತ್ತಡ ಇಳಿಯಲ್ಲ, ನೀರೂ ಆಳಕ್ಕೆ ಹೋಗಲ್ಲ. ಹಿಮಾಲಯದಲ್ಲಿ ಖಂಡಕ್ಕೆ ಖಂಡ ಒತ್ತುತ್ತಿದೆ, ನೀರು ಹೊತ್ತು ಮುಳುಗುವ ಸಾಗರ ಪ್ಲೇಟ್ ಈಗ ಉಳಿದಿಲ್ಲ. ನನ್ನ ಮೆಚ್ಚಿನ ಉದಾಹರಣೆ ಮಾತ್ರ ಪೆರು. ಅಲ್ಲಿ ಕಂದಕ ಇದೆ, ಭೂಕಂಪ ಇದೆ, ಆಂಡೀಸ್ ಪರ್ವತ ಇದೆ. ಆದರೂ ದೇಶದ ಉತ್ತರ ಮತ್ತು ಮಧ್ಯ ಭಾಗದಲ್ಲಿ ಜೀವಂತ ಜ್ವಾಲಾಮುಖಿ ಇಲ್ಲ. ಗ್ರಾಫ್ ಬಿಡಿಸಿದರೆ ಕಾರಣ ಕಾಣುತ್ತದೆ: ಪ್ಲೇಟ್ ಸುಮಾರು 100 ಕಿ.ಮೀ. ಇಳಿದು, ಆಮೇಲೆ ಬಹುತೇಕ ಅಡ್ಡಡ್ಡ ಮಲಗಿಬಿಟ್ಟಿದೆ. ಎರಡು ಪ್ಲೇಟ್‌ಗಳ ನಡುವೆ ಕರಗುವಷ್ಟು ಬಿಸಿ ಮ್ಯಾಂಟಲ್‌ಗೆ ಜಾಗವೇ ಇಲ್ಲ.

ನೀವೇ ಮಾಡಿ ನೋಡಲು ಜಪಾನಿನ ಸಕುರಾಜಿಮಾ, ಈಕ್ವೆಡಾರ್‌ನ ಕೊಟೊಪಾಕ್ಸಿ, ಕಾಂಗೊದ ನ್ಯಿರಗೊಂಗೊ ಒಳ್ಳೆಯವು. ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದ ಪಿಟೋನ್ ಡ ಲಾ ಫೂರ್ನೇಸ್ ತೆಗೆದುಕೊಂಡವರು ಉತ್ತರಕ್ಕೆ ಸಾಲು ಹಿಡಿದು ಹೋಗಿ, 6.6 ಕೋಟಿ ವರ್ಷ ಹಳೆಯ ದಖನ್ ಲಾವಾ ಪದರಗಳವರೆಗೂ ತಲುಪಬಹುದು. 1980ರ ಮೇ 18ರಂದು ಸಿಡಿದ ಅಮೆರಿಕದ ಸೇಂಟ್ ಹೆಲೆನ್ಸ್ ಸ್ವಲ್ಪ ಮೋಸಗಾರ. ಅಲ್ಲಿ ಕಂದಕ ಹೂಳಿನಿಂದ ಮುಚ್ಚಿಹೋಗಿದೆ, ನಕ್ಷೆಯಲ್ಲಿ ಕಡುನೀಲಿ ಪಟ್ಟಿ ಕಾಣುವುದಿಲ್ಲ. ಆಳದ ಭೂಕಂಪಗಳೂ ಕಡಿಮೆ. ಸಾಲಾಗಿ ನಿಂತ ಬೆಟ್ಟಗಳನ್ನೂ ಅವುಗಳ ಆಂಡಿಸೈಟ್, ಸಿಲಿಕಾ ಇನ್ನೂ ಜಾಸ್ತಿಯಿರುವ ಡೇಸೈಟ್ ಕಲ್ಲುಗಳನ್ನೂ ನೋಡಿಯೇ ತೀರ್ಮಾನಿಸಬೇಕು. ಇಟಲಿಯ ಎಟ್ನಾ ಮಾತ್ರ ಮೊದಲ ಸಲಕ್ಕೆ ಬೇಡ. ಅದರ ವಿಷಯದಲ್ಲಿ ಸಂಶೋಧಕರೇ ಇನ್ನೂ ಜಗಳ ಆಡುತ್ತಿದ್ದಾರೆ.