ಉಪ್ಪುಗಾಳಿ ತಿಂದ ಟ್ರೆಮೊಲೊ ಬ್ರಿಡ್ಜ್ ಬಿಚ್ಚಿ ಜೋಡಿಸಿದ್ದು

ನಮ್ಮ ಮನೆ ಸುರತ್ಕಲ್‌ನಲ್ಲಿ, ಕಡಲಿಗೆ ಹತ್ತಿರ. ಕಿಟಕಿ ಸರಳು, ಬಾಗಿಲ ಚಿಲಕ, ಸೈಕಲ್ ಚೈನು, ಇಲ್ಲಿ ಯಾವುದನ್ನೂ ತುಕ್ಕು ಬಿಡುವುದಿಲ್ಲ. ಹೋದ ಮಳೆಗಾಲ ಪೂರ್ತಿ ನನ್ನ ಸ್ಟ್ರಾಟ್ (ಸ್ಟ್ರಾಟೊಕಾಸ್ಟರ್) ಮಾದರಿಯ ಎಲೆಕ್ಟ್ರಿಕ್ ಗಿಟಾರ್ ಬ್ಯಾಗಿನೊಳಗೇ ಇತ್ತು. ಸೆಪ್ಟೆಂಬರಿನಲ್ಲಿ ತೆಗೆದು ನೋಡಿದರೆ ತಂತಿಗಳ ಬುಡ ಹಿಡಿದಿರುವ ಬ್ರಿಡ್ಜ್‌ನಲ್ಲಿ, ಒಂದೊಂದು ತಂತಿಯನ್ನು ಹೊರುವ ಪುಟ್ಟ ತುಂಡುಗಳಾದ ಸ್ಯಾಡಲ್‌ಗಳ ಮೇಲೆಲ್ಲ ಕಂದು ಹುಡಿ. ಸ್ವರವನ್ನು ಬಾಗಿಸಲು ಬ್ರಿಡ್ಜ್ ಅಲುಗಿಸುವ ಸರಳು, ಅಂದರೆ ಬಾರ್, ಒತ್ತಿ ಬಿಟ್ಟರೆ ಶ್ರುತಿ ವಾಪಸ್ ಬರುತ್ತಲೇ ಇರಲಿಲ್ಲ.

‘ಅದನ್ನು ಬಿಚ್ಚಬೇಡ ಮಾರಾಯ, ಮತ್ತೆ ಕೂರಿಸ್ಲಿಕ್ಕೆ ಆಗುದಿಲ್ಲ’ ಅಂದ ಗೆಳೆಯ. ನನಗೂ ಹೆದರಿಕೆ ಇತ್ತು. ಆದರೆ 1954ರಲ್ಲಿ ಫೆಂಡರ್ ಸ್ಟ್ರಾಟೊಕಾಸ್ಟರ್ ಜೊತೆ ಬಂದ ಈ ಬ್ರಿಡ್ಜ್‌ನಲ್ಲಿ ಗುಟ್ಟು ಎಂತದ್ದೂ ಇಲ್ಲ. ಮುಂದಿನಿಂದ ಆರು ತಂತಿ ಎಳೆಯುತ್ತವೆ, ಹಿಂದಿನಿಂದ ಸ್ಪ್ರಿಂಗ್‌ಗಳು ಎಳೆಯುತ್ತವೆ, ಎರಡೂ ಸಮ ಆದಲ್ಲಿ ಬ್ರಿಡ್ಜ್ ನಿಲ್ಲುತ್ತದೆ. ತಕ್ಕಡಿ ಇದ್ದ ಹಾಗೆ. ಅದು ಆಡುವ ಜಾಗದಲ್ಲಿ ತುಕ್ಕು ಕೂತರೆ ತೂಕ ಸರಿ ಬರುವುದಿಲ್ಲ ಅಲ್ವಾ?

ಮೊದಲು ಮೊಬೈಲಿನಲ್ಲಿ ಎಲ್ಲ ಕೋನದಿಂದ ಫೋಟೋ ತೆಗೆದೆ. ತಂತಿಗಳನ್ನು ಸಡಿಲಿಸಿ ಬಿಚ್ಚಿದೆ, ಹಿಂದಿನ ಮುಚ್ಚಳ ತೆಗೆದೆ, ಮೂರು ಸ್ಪ್ರಿಂಗ್‌ಗಳನ್ನು ಇಕ್ಕಳದಲ್ಲಿ ಹಿಡಿದು ಬ್ರಿಡ್ಜ್ ಅಡಿಯ ಲೋಹದ ಬ್ಲಾಕಿನಿಂದ ಎಬ್ಬಿಸಿದೆ. ಕಣ್ಣಿಗೆ ಕನ್ನಡಕ ಇರಲಿ, ಸ್ಪ್ರಿಂಗ್ ಚಿಮ್ಮುತ್ತದೆ. ಸ್ಪ್ರಿಂಗ್‌ಗಳ ಇನ್ನೊಂದು ತುದಿ ಸಿಕ್ಕಿಸುವ ಕೊಕ್ಕೆಪಟ್ಟಿ, ಅಂದರೆ ಕ್ಲಾಗೆ ಬೆಸುಗೆ ಹಾಕಿದ ಒಂದು ವೈರ್ ಇರುತ್ತದೆ, ಅದು ಅರ್ಥಿಂಗ್, ಅದನ್ನು ಎಳೆಯಬೇಡಿ. ಆಮೇಲೆ ಮುಂದಿನ ಆರು ಸ್ಕ್ರೂ ತೆಗೆದರೆ ಬ್ರಿಡ್ಜ್ ಪೂರ್ತಿ ಕೈಗೆ ಬರುತ್ತದೆ.

ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಪ್ರತಿ ಸ್ಯಾಡಲ್‌ಗೆ ಎತ್ತರ ಹೊಂದಿಸಲು ಎರಡು ಪುಟ್ಟ ಸ್ಕ್ರೂ, ಒಟ್ಟು ಹನ್ನೆರಡು. ದಪ್ಪ ತಂತಿಯ ಸ್ಯಾಡಲ್‌ನಲ್ಲಿ ಒಂದು ಜಪ್ಪಯ್ಯ ಅಂದರೂ ಅಲುಗಲಿಲ್ಲ. 1.5 ಮಿ.ಮೀ. ಅಲನ್ ಕೀ ಹಾಕಿ ತಿರುಗಿಸಿದರೆ ಕೀಯೇ ಜಾರುತ್ತಿತ್ತು, ಇನ್ನೂ ಬಲ ಹಾಕಿದ್ದರೆ ಸ್ಕ್ರೂ ತೂತಿನ ಆರು ಮೂಲೆ ಸವೆದು ಗುಂಡಗಾಗುತ್ತಿತ್ತು. ನಿಲ್ಲಿಸಿದೆ. ಟಾರ್ಚ್ ಬಿಟ್ಟು ನೋಡಿದರೆ ತೂತಿನ ತಳದಲ್ಲಿ ತುಕ್ಕು ಗಟ್ಟಿಯಾಗಿ ಕೂತಿತ್ತು, ಕೀ ಪೂರ್ತಿ ಒಳಗೆ ಇಳಿದೇ ಇರಲಿಲ್ಲ. ಹೊಲಿಗೆ ಸೂಜಿಯಿಂದ ಆ ಹುಡಿಯನ್ನು ಕೆದಕಿ ತೆಗೆದು, ತುಕ್ಕು ಸಡಿಲಿಸುವ ಎಣ್ಣೆ ಡಬ್ಲ್ಯೂಡಿ-40 ಹಾಕಿ ರಾತ್ರಿ ಇಡೀ ಬಿಟ್ಟೆ. ಮರುದಿನ ಎಣ್ಣೆ ಚೆನ್ನಾಗಿ ಒರೆಸಿ, ಸೋಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ಮೇಲೆ ಒಂದು ನಿಮಿಷ ಇಟ್ಟು, ಬಿಸಿ ಇರುವಾಗಲೇ ಕೀ ಹಾಕಿದೆ. ಟಿಕ್ ಅಂತ ಬಿಟ್ಟಿತು. ಆ ಸದ್ದು ಕೇಳಿ ಆದ ಖುಷಿ ಅಷ್ಟಿಷ್ಟಲ್ಲ.

ಉಳಿದದ್ದು ಹಳೆ ಟೂತ್‌ಬ್ರಶ್ಶಿನ ಕೆಲಸ. ದೀಪ ತಿಕ್ಕುವ ಹಾಗೆ ಹುಣಸೆಹುಳಿ ಹಾಕಬೇಡಿ, ಹುಳಿ ಮೇಲಿನ ಲೇಪವನ್ನು ತಿನ್ನುತ್ತದೆ. ತೆಂಗಿನೆಣ್ಣೆಯೂ ಬೇಡ, ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಒರೆಸಿ ಒಣಗಿಸಿ, ಸ್ಕ್ರೂಗಳಿಗೆ ಹೊಲಿಗೆ ಮಿಷನ್ ಎಣ್ಣೆ ಒಂದೊಂದು ಹನಿ ಸಾಕು.

ಜೋಡಿಸುವಾಗ ಆರು ಸ್ಕ್ರೂಗಳನ್ನು ಬಿಗಿ ಮಾಡಲೇಬಾರದು. ಎರಡು ತುದಿಯವು ಪ್ಲೇಟಿಗೆ ತಾಗಿಯೂ ತಾಗದ ಹಾಗೆ, ನಡುವಿನ ನಾಲ್ಕು ಇನ್ನೂ ಸ್ವಲ್ಪ ಮೇಲೆ. ನನ್ನ ಗಿಟಾರ್‌ನಲ್ಲಿ ಯಾರೋ ಆರನ್ನೂ ಗಟ್ಟಿ ಬಿಗಿದಿದ್ದರು. ಶ್ರುತಿ ತಪ್ಪಲು ತುಕ್ಕಿಗಿಂತ ಇದೇ ದೊಡ್ಡ ಕಾರಣ ಅಂತ ನನಗನಿಸುತ್ತದೆ.

ಇನ್ನು ತಾಳ್ಮೆಯ ಕೆಲಸ. ಹೊಸ ತಂತಿ ಹಾಕಿ ಶ್ರುತಿ ಮಾಡಿದರೆ ಬ್ರಿಡ್ಜ್ ಮೇಲೇಳುತ್ತದೆ. ಕ್ಲಾದ ಎರಡು ಸ್ಕ್ರೂಗಳನ್ನು ಅರ್ಧರ್ಧ ಸುತ್ತು ಬಿಗಿ ಮಾಡು, ಮತ್ತೆ ಶ್ರುತಿ ಮಾಡು, ಮತ್ತೆ ನೋಡು. ಬ್ರಿಡ್ಜ್ ಹಿಂಭಾಗ ಸುಮಾರು 3 ಮಿ.ಮೀ. ಎದ್ದು ನಿಲ್ಲುವ ತನಕ ಏಳೆಂಟು ಸಲ ಹೀಗೇ ಮಾಡಿದೆ. ಆಮೇಲೆ ತಂತಿಯ ಎತ್ತರ, 17ನೇ ಫ್ರೆಟ್‌ನಲ್ಲಿ (ಗಿಟಾರ್ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) 1.6 ಮಿ.ಮೀ. ಕೊನೆಗೆ ಇಂಟೊನೇಶನ್, ಅಂದರೆ ಒತ್ತಿ ನುಡಿಸಿದ ಸ್ವರವೂ ಶ್ರುತಿಯಲ್ಲಿರುವಂತೆ ಹೊಂದಿಸುವುದು: 12ನೇ ಫ್ರೆಟ್ ಒತ್ತಿದ ಸ್ವರ ಅಲ್ಲಿನ ಹಾರ್ಮೊನಿಕ್‌ಗಿಂತ (ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿದಾಗ ಬರುವ ಸ್ವರ) ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಬಾರ್ ಪೂರ್ತಿ ಒತ್ತಿ ಬಿಟ್ಟೆ. ಸದಾ ಕಾಡುತ್ತಿದ್ದ ಮೂರನೇ ತಂತಿಯೂ ಟ್ಯೂನರ್‌ನಲ್ಲಿ ಸರಿಯಾಗಿ ನಡುವಿಗೇ ಬಂದು ನಿಂತಿತು. ಆ ಹನ್ನೆರಡು ಸ್ಕ್ರೂಗಳಿಗೆ ಈಗ ಸ್ಟೇನ್‌ಲೆಸ್ ಸ್ಟೀಲ್‌ನವು ತರಿಸಿದ್ದೇನೆ, ಮುಂದಿನ ಸಲ ತಂತಿ ಬದಲಿಸುವಾಗ ಹಾಕುತ್ತೇನೆ.