ಮೆಮೊರಿ ಕಾರ್ಡಿನೊಳಗಿನ ಅಜ್ಜಿ

2022ರ ಮಾರ್ಚಿನಲ್ಲಿ ಆಫ್ರಿಕಾದ ಮಲಾವಿ ದೇಶದಲ್ಲಿ ಕಾಲರಾ ಶುರುವಾಯಿತು. ಅದು ತಣ್ಣಗಾಗುವಷ್ಟರಲ್ಲಿ 1,700ಕ್ಕೂ ಜಾಸ್ತಿ ಜನ ಸತ್ತಿದ್ದರು. ಆಗ ನಾನು ಮಂಗೋಚಿ ಜಿಲ್ಲೆಯಲ್ಲಿದ್ದೆ, ಮಲಾವಿ ಸರೋವರದ ದಕ್ಷಿಣದ ತುದಿಯಲ್ಲಿ. ರಾಯಚೂರಿನ ಕಡೆ ನರ್ಸ್ ಆಗಿದ್ದವಳು, ಅಲ್ಲಿನ ಹಳ್ಳಿ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಡಲು ಹೋಗಿದ್ದೆ. ಅವರಿಗೆ ಎಚ್‌ಎಸ್‌ಎ ಅನ್ನುತ್ತಾರೆ. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಮನೆಮನೆಗೆ ಹೋಗುತ್ತಾರೆ, ಆದರೆ ಸರ್ಕಾರಿ ಸಂಬಳ ಇದೆ, ಲಸಿಕೆಯನ್ನೂ ಅವರೇ ಹಾಕುತ್ತಾರೆ. ನಮ್ಮವರ ಗೌರವಧನ ನೆನಪಾಗಿ ಸ್ವಲ್ಪ ಹೊಟ್ಟೆ ಉರಿಯಿತು, ಇರಲಿ.

ಭೇದಿಯಾದಾಗ ಕುಡಿಸುವ ಸಕ್ಕರೆ-ಉಪ್ಪಿನ ನೀರು ಮಾಡುವುದನ್ನು ಮೂರು ನಿಮಿಷದ ವಿಡಿಯೊ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದೆವು. ಯಾರೂ ನೋಡಲಿಲ್ಲ. ಹೇಗೆ ನೋಡುತ್ತಾರೆ? ಮನೆಯಲ್ಲಿ ಕರೆಂಟಿಲ್ಲ, ಫೋನ್ ಚಾರ್ಜ್ ಮಾಡಿಸಲು ಸಂತೆ ಜಾಗದ ಅಂಗಡಿಗೆ ದುಡ್ಡು ಕೊಡಬೇಕು. ಅದರ ಮೇಲೆ ಡೇಟಾ ಬೇರೆ.

ಆದರೂ ಪ್ರತಿ ಹುಡುಗನ ಫೋನಿನಲ್ಲೂ ಹಾಡು, ಸಿನಿಮಾ ತುಂಬಿರುತ್ತಿದ್ದವು. ಎಲ್ಲಿಂದ ಬಂತಪ್ಪಾ ಅಂತ ಕೇಳಿದರೆ 'ಬರ್ನಿಂಗ್ ಸೆಂಟರ್' ಅಂದರು. ಒಂದು ಹಳೇ ಕಂಪ್ಯೂಟರ್ ಇಟ್ಟುಕೊಂಡ ಪುಟ್ಟ ಅಂಗಡಿ. ಮೆಮೊರಿ ಕಾರ್ಡ್ ಕೊಟ್ಟರೆ ಬೇಕಾದ ಹಾಡು ತುಂಬಿ ಕೊಡುತ್ತಾರೆ. ಇಂಟರ್ನೆಟ್ ಬೇಕಾಗಿಯೇ ಇಲ್ಲ. ಊರ ಮುಖ್ಯಸ್ಥರ ಒಪ್ಪಿಗೆ ಪಡೆದು, ವಿಡಿಯೊವನ್ನು ಸಾದಾ ಫೋನಿನಲ್ಲೂ ಓಡುವ 3ಜಿಪಿ ಫೈಲ್ ಮಾಡಿ ಅಂಗಡಿಯವನಿಗೆ ಕೊಟ್ಟೆ. ಹಾಡಿನ ಜೊತೆ ಸುಮ್ನೆ ಸೇರಿಸಿಬಿಡು ಅಂದೆ.

ಈಗ ನೋಡಿದರು. ನಕ್ಕರು ಕೂಡ! ನಾವು ಮಾತು ಹಾಕಿಸಿದ್ದು ಮಲಾವಿಯ ಮುಖ್ಯ ಭಾಷೆ ಚಿಚೆವಾದಲ್ಲಿ. ಮಂಗೋಚಿಯ ಅಜ್ಜಿಯರು ಮನೆಯಲ್ಲಿ ಆಡುವುದು ಚಿಯಾವೊ. ರೇಡಿಯೊ ವಾರ್ತೆ ಓದಿದ ಹಾಗಿದೆ ಅಂತ ಒಬ್ಬಾಕೆ ಅಂದಳು.

ಅದಕ್ಕಿಂತ ದೊಡ್ಡ ತಪ್ಪು ಒಂದು ಮನೆಯಲ್ಲಿ ಕಂಡಿತು. ತಾಯಿ ವಿಡಿಯೊ ನೋಡಿಯೇ ನೀರು ಮಾಡುತ್ತಿದ್ದಳು. ಉಪ್ಪಿನ ಚಮಚ ಗೋಪುರದ ಹಾಗೆ ತುಂಬಿತ್ತು. ಬೆರಳುದ್ದದ ಪರದೆಯಲ್ಲಿ ಚಮಚ ಮಟ್ಟಸವಾಗಿದೆಯೋ ರಾಶಿಯಾಗಿದೆಯೋ ಗೊತ್ತಾಗುವುದಿಲ್ಲ. 1 ಲೀಟರ್ ನೀರಿಗೆ ಮಟ್ಟಸವಾಗಿ ಸಕ್ಕರೆ 6 ಟೀ ಚಮಚ, ಉಪ್ಪು ಅರ್ಧ ಟೀ ಚಮಚ ಮಾತ್ರ. ಉಪ್ಪು ಜಾಸ್ತಿಯಾದರೆ ಮಗುವಿಗೆ ಅಪಾಯ. ನಾನು ಓಡಿಹೋಗಿ ಪಾತ್ರೆ ಕಿತ್ತುಕೊಂಡೆ. ತಪ್ಪು ಅವಳದ್ದಲ್ಲ, ನನ್ನದು.

ಮತ್ತೆ ಶೂಟ್ ಮಾಡಿದೆವು. ಈ ಸಲ ಅದೇ ಊರಿನ ಅಜ್ಜಿ, ಅವರದೇ ಅಂಗಳ, ಚಿಯಾವೊ ಮಾತು. ಅಳತೆಗೆ ಖಾಲಿ ಎಣ್ಣೆ ಬಾಟಲಿ. ಅಜ್ಜಿ ಚಮಚದ ಮೇಲೆ ಬೆರಳೆಳೆದು ಮಟ್ಟ ಮಾಡುವುದನ್ನು ಪರದೆ ತುಂಬ ತೋರಿಸಿದೆವು, ಎರಡೆರಡು ಸಲ. ಅಜ್ಜಿ ಮಧ್ಯದಲ್ಲಿ ಕೋಳಿ ಓಡಿಸಿದ್ದನ್ನೂ ತೆಗೆಯಲಿಲ್ಲ.

ಫೋನ್ ಗಂಡನ ಜೇಬಿನಲ್ಲೇ ಇರುವ ಮನೆಗಳು ಬೇಕಾದಷ್ಟಿದ್ದವು. ಅಲ್ಲಿಗೆ ಎಚ್‌ಎಸ್‌ಎಗಳೇ ತಮ್ಮ ಫೋನ್ ಹಿಡಿದು ಹೋದರು. ಮಕ್ಕಳ ತೂಕ ನೋಡುವ ದಿನ ಸಾಲಿನಲ್ಲಿ ಕೂತ ತಾಯಂದಿರಿಗೂ ತೋರಿಸಿದರು. ನಿಜ ಹೇಳಬೇಕೆಂದರೆ ಫೋನಿಗಿಂತ ಆ ಸಾಲಿನ ಹರಟೆಯೇ ಹೆಚ್ಚು ಕೆಲಸ ಮಾಡಿತು ಅನ್ನಿಸುತ್ತದೆ.

ವಾಪಸ್ ಬರುವ ಮುಂಚೆ ಆ ಅಂಗಡಿಗೆ ಹೋಗಿದ್ದೆ. ಗಿರಾಕಿಯೊಬ್ಬ ಕಾರ್ಡ್ ಕೊಟ್ಟು ರೇಟ್ ಕೇಳಿದ. ಅಂಗಡಿಯವನು ಕಂಪ್ಯೂಟರಿನಿಂದ ತಲೆ ಎತ್ತದೆ ಹೇಳಿದ: "ಹಾಡಿಗೆ ದುಡ್ಡು. ಅಜ್ಜಿ ಬಿಟ್ಟಿ."